ನಾಯಿ ತೀರಿಕೊಂಡ ಮನೆಯ ಕೆಲಸಗಳು

ಪುನರ್ವಸು ಮಳೆ ಹಿಡಿದು ಕೂತಾಗ ಮನೆಯ ನಾಯಿ ಸತ್ತರೆ ಅತ್ತು ಮುಗಿಸುವುದಕ್ಕೂ ಪುರುಸೊತ್ತಿರುವುದಿಲ್ಲ. ಗುಂಡಿ ಎಲ್ಲಿ ತೆಗೆಸುವುದು, ಬೆಂಗಳೂರಿನಲ್ಲಿರುವ ಮಗಳು ಬರುವವರೆಗೆ ಇಟ್ಟುಕೊಳ್ಳಬಹುದೋ ಇಲ್ಲವೋ, ಉಳಿದ ನಾಯಿಯನ್ನು ಹತ್ತಿರ ಬಿಡಬೇಕೋ ಕಟ್ಟಿಹಾಕಬೇಕೋ, ಮಗುವಿಗೆ ಏನು ಹೇಳುವುದು, ಎಲ್ಲ ಒಟ್ಟಿಗೇ ಬಂದು ನಿಲ್ಲುತ್ತವೆ. ಕಳಸ, ಮೂಡಿಗೆರೆ, ಆಲ್ದೂರು, ಕೊಟ್ಟಿಗೆಹಾರದ ಕಡೆ ನಾಯಿಯಿಲ್ಲದ ತೋಟದ ಮನೆ ಹುಡುಕಿದರೂ ಸಿಗುವುದು ಕಷ್ಟ. ಆದರೂ ಅದು ಸತ್ತಾಗ ಏನು ಮಾಡಬೇಕೆಂದು ಯಾರೂ ಯಾರಿಗೂ ಹೇಳಿಕೊಟ್ಟಿರುವುದಿಲ್ಲ. ಮನುಷ್ಯರ ಸಾವಿಗೆ ಪುರೋಹಿತರು, ನೆಂಟರು, ಊರವರು ಇದ್ದಾರೆ. ನಾಯಿಯ ಸಾವಿಗೆ ಒಂದು ಹಾರೆ, ಒಂದು ಗುದ್ದಲಿ, "ಹೋಗ್ಲಿ ಬಿಡಿ, ಇನ್ನೊಂದು ತಂದ್ರಾಯ್ತು" ಎನ್ನುವ ಪಕ್ಕದ ತೋಟದವರು.

ತೋಟದ ನಾಯಿಗೆ ಒಂದು ವಿಶೇಷವಿದೆ. ಅದು ಸಾಹುಕಾರರ ಮನೆಯದೊಂದೇ ಆಗಿರುವುದಿಲ್ಲ. ಬೆಳಿಗ್ಗೆ ಹಾಜರಿ ಹಾಕುವ ರೈಟರ ಜೊತೆ, ಹನ್ನೊಂದಕ್ಕೆ ಕೆಲಸದವರ ಲೈನಿನಲ್ಲಿ, ಮಧ್ಯಾಹ್ನ ಕಣದಲ್ಲಿ, ರಾತ್ರಿ ಜಗುಲಿಯಲ್ಲಿ. ಅದರ ಬದುಕಿನ ಅರ್ಧ ಭಾಗ ಬೇರೆಯವರ ನೆನಪಿನಲ್ಲಿರುತ್ತದೆ. ನೆನಪಿಟ್ಟುಕೊಳ್ಳುವುದೆಂದರೆ ಆ ಅರ್ಧವನ್ನೂ ಕೇಳಿ ತಂದುಕೊಳ್ಳುವುದು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಆಮೇಲೆ ಬರೋಣ. ಮೊದಲು ಮಣ್ಣಿನ ಕೆಲಸ.

ಮೊದಲ ಕೆಲವು ಗಂಟೆ

ಜೀವ ಹೋದ ಎರಡು ಮೂರು ಗಂಟೆಯಲ್ಲಿ ಮೈ ಸೆಟೆದುಕೊಳ್ಳತೊಡಗುತ್ತದೆ. ಕಾಲು ಚಾಚಿಕೊಂಡೇ ಸೆಟೆದರೆ ಗುಂಡಿ ಎರಡರಷ್ಟು ದೊಡ್ಡದಾಗಬೇಕು. ಹಾಗೆ ನೋಡುವುದೂ ಕಷ್ಟ. ಆದ್ದರಿಂದ ಅದು ಯಾವಾಗಲೂ ಮಲಗುತ್ತಿದ್ದ ಹಾಗೆ ಕಾಲು ಮಡಚಿ, ಮೂತಿಯನ್ನು ಮುಂಗಾಲಿನ ಕಡೆ ತಿರುಗಿಸಿ ಮೊದಲೇ ಮಲಗಿಸಿಬಿಡಿ. ಕೊರಳಿನ ಬೆಲ್ಟನ್ನೂ ಆಗಲೇ ಬಿಚ್ಚಿಡಿ. ಕಣ್ಣು ಪೂರ್ತಿ ಮುಚ್ಚುವುದಿಲ್ಲ, ಗಾಬರಿಯಾಗಬೇಡಿ. ಮಲ, ಮೂತ್ರ, ಬಾಯಿಂದ ನೀರು ಬರುವುದು ಸಹಜ. ಕೆಳಗೆ ಕಾಫಿ ಒಣಗಿಸುವ ಟಾರ್ಪಾಲಿನ ತುಂಡು ಹಾಕಿ, ಮೇಲೊಂದು ಹಳೆಯ ಬೆಡ್‌ಶೀಟು ಹಾಸಿ.

ಮೈ ತಣ್ಣಗಾಗುತ್ತಿದ್ದಂತೆ ಉಣುಗುಗಳು ಬಿಟ್ಟು ಇಳಿಯುತ್ತವೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಸುತ್ತ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ, ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ದೇಹವನ್ನು ಸೋಫಾ, ಹಾಸಿಗೆಯ ಮೇಲಿಡದೆ ಹೊರಗಿನ ಜಗುಲಿಯಲ್ಲಿಡಿ. ಮುಟ್ಟಿ ಸವರುವವರು ಸವರಲಿ, ಆಮೇಲೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ನೆನೆಸಲಿ.

ದೂರದಲ್ಲಿರುವ ಮಕ್ಕಳಿಗಾಗಿ ಕಾಯಬೇಕೆಂದರೆ ಡಿಸೆಂಬರ್, ಜನವರಿಯ ಚಳಿಯಲ್ಲಿ ಒಂದು ರಾತ್ರಿ ಇಟ್ಟುಕೊಳ್ಳಬಹುದು. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದವರು ಬೆಳಗಾಗುವಾಗ ಊರಲ್ಲಿರುತ್ತಾರೆ. ನೀರಿನ ಬಾಟಲಿಗಳನ್ನು ಫ್ರಿಜ್ಜಿನಲ್ಲಿ ಗಟ್ಟಿ ಮಾಡಿ ಹೊಟ್ಟೆಯ ಎರಡೂ ಕಡೆ ಇಡಿ, ಮೊದಲು ಉಬ್ಬುವುದು ಹೊಟ್ಟೆಯೇ. ತೆರೆದ ಕೊಟ್ಟಿಗೆ ಬೇಡ, ಬಾಗಿಲು ಹಾಕುವ ಸ್ಟೋರ್ ರೂಮಿರಲಿ. ವಾಸನೆ ಹಿಡಿದು ಏನು ಬರುತ್ತದೆಂದು ಹೇಳಲಾಗದು. ಮಾರ್ಚ್, ಏಪ್ರಿಲಿನ ಬಿಸಿಲಲ್ಲಿ ಮಾತ್ರ ಅಂದೇ ಮಣ್ಣು ಮಾಡುವುದು ಒಳ್ಳೆಯದು. ದುಬೈಯಲ್ಲೋ ಅಮೆರಿಕದಲ್ಲೋ ಇರುವವರಿಗೆ ವಿಡಿಯೊ ಕಾಲ್ ಮಾಡಿ. ಅದನ್ನು ಅತಿಯಾಯಿತು ಎಂದುಕೊಳ್ಳುವವರು ಅಂದುಕೊಳ್ಳಲಿ.

ಮನೆಯಲ್ಲಿ ಇನ್ನೊಂದು ನಾಯಿಯಿದ್ದರೆ ಬಂದು ಮೂಸಲು ಬಿಡಿ. ಕೆಲವು ಒಮ್ಮೆ ಮೂಸಿ ತಮ್ಮ ಪಾಡಿಗೆ ಹೋಗುತ್ತವೆ, ಕೆಲವು ಅಲ್ಲೇ ಕೂರುತ್ತವೆ. ಆಮೇಲೆ ಕೆಲವು ದಿನ ಊಟ ಕಡಿಮೆ ಮಾಡಿ, ಸತ್ತದ್ದು ಮಲಗುತ್ತಿದ್ದ ಜಾಗವನ್ನು ಹುಡುಕಿ ಓಡಾಡುವುದುಂಟು. ಎರಡು ಮೂರು ದಿನವಾದರೂ ಅನ್ನ ಮುಟ್ಟದಿದ್ದರೆ ದುಃಖ ಅಂದುಕೊಂಡು ಸುಮ್ಮನಿರಬೇಡಿ. ನಮ್ಮ ಕಡೆ ಅದು ಉಣುಗು ಜ್ವರವೂ ಆಗಿರಬಹುದು. ಪಶುವೈದ್ಯರಿಗೆ ತೋರಿಸಿ.

ಗುಂಡಿ ಎಲ್ಲಿ, ಎಷ್ಟು ಆಳ

ತೋಟದಲ್ಲಿ ಜಾಗಕ್ಕೆ ಬರವಿಲ್ಲ, ಹಾಗಾಗಿಯೇ ಯೋಚಿಸದೆ ಎಲ್ಲೆಂದರಲ್ಲಿ ಹೂಳಿಬಿಡುತ್ತೇವೆ. ಮಳೆನೀರು ಇಂಗಲೆಂದು ಕಾಫಿ ಸಾಲುಗಳ ನಡುವೆ ತೆಗೆದ ತೊಟ್ಟಿಲು ಗುಂಡಿ ಸಿದ್ಧವಾಗಿಯೇ ಇರುತ್ತದಲ್ಲ, ಅದರಲ್ಲೇ ಮಲಗಿಸಿ ಮಣ್ಣೆಳೆದರೆ ಆಯಿತು ಎನ್ನುವವರಿದ್ದಾರೆ. ಅದಕ್ಕೆ ಆಳವೂ ಇಲ್ಲ, ನೀರು ನಿಲ್ಲಲೆಂದೇ ಮಾಡಿದ್ದು ಬೇರೆ. ಆಶ್ಲೇಷ ಮಳೆ ಮುಗಿಯುವುದರೊಳಗೆ ಮಣ್ಣು ಕೊಚ್ಚಿ, ನೋಡಬಾರದ್ದನ್ನು ನೋಡಬೇಕಾಗುತ್ತದೆ.

ಗುಂಡಿ ಸೊಂಟದಾಳ ಇರಬೇಕು, ಅಂದರೆ ಮೂರೂವರೆ, ನಾಲ್ಕು ಅಡಿ. ಗದ್ದೆ, ಕಣಿವೆ, ಹಳ್ಳದ ದಂಡೆ ಬೇಡ. ಬಾವಿಯಿಂದ ನೂರು ಅಡಿಯಾದರೂ ದೂರ, ಬಾವಿಗಿಂತ ಕೆಳಗಿನ ಇಳಿಜಾರಿನಲ್ಲಿ ಇರಲಿ. ಇಲ್ಲೊಂದು ತೊಡಕಿದೆ. ನಮ್ಮಲ್ಲಿ ಎಷ್ಟೋ ಮನೆಗಳಿಗೆ ನೀರು ಬರುವುದು ಗುಡ್ಡದ ಮೇಲಿನ ಒರತೆಯಿಂದ, ಪೈಪಿನಲ್ಲಿ. ಎತ್ತರದ ಜಾಗ ಒಣಗಿರುತ್ತದೆಂದು ನಾಯಿಯನ್ನು ಗುಡ್ಡದ ನೆತ್ತಿಗೆ ಒಯ್ದರೆ ಅದು ಒರತೆಯ ಮೇಲ್ಭಾಗವೇ ಆಗಿಬಿಡಬಹುದು. ಪೈಪಿನ ಜಾಡು ಹಿಡಿದು ಒಮ್ಮೆ ನೋಡಿಕೊಂಡು ಬನ್ನಿ. ನಿಮ್ಮ ಒರತೆಗಷ್ಟೇ ಅಲ್ಲ, ಕೆಳಗಿನ ಮನೆಯವರದ್ದಕ್ಕೂ ಮೇಲಾಗಬಾರದು.

ಅಗೆಯುವಾಗ ಮೇಲಿನ ಕಪ್ಪು ಮಣ್ಣು ಒಂದು ಕಡೆ, ಅಡಿಯ ಕೆಂಪು ಮಣ್ಣು ಇನ್ನೊಂದು ಕಡೆ ಹಾಕಿಸಿ. ಮುಚ್ಚುವಾಗ ಕೆಂಪು ಮಣ್ಣು ಮೊದಲು. ಮಳೆಗಾಲವಾದರೆ ಮೇಲ್ಗಡೆ ಒಂದು ಸಣ್ಣ ಬಸಿಗಾಲುವೆ ತೆಗೆದು ನೀರು ಪಕ್ಕಕ್ಕೆ ಹೋಗುವಂತೆ ಮಾಡಿ. ಇಲ್ಲದಿದ್ದರೆ ಅಗೆದಂತೆಲ್ಲ ಗುಂಡಿ ತುಂಬುತ್ತದೆ. ದೇಹವನ್ನು ಹತ್ತಿ ಬಟ್ಟೆಯಲ್ಲೋ ಹಳೆಯ ಕಂಬಳಿಯಲ್ಲೋ ಗೋಣಿಚೀಲದಲ್ಲೋ ಸುತ್ತಿ. ಗೊಬ್ಬರದ ಪ್ಲಾಸ್ಟಿಕ್ ಚೀಲ ಬೇಡ, ಅದರೊಳಗೆ ಯಾವುದೂ ಮಣ್ಣಾಗುವುದಿಲ್ಲ. ಉಪ್ಪು ಸುರಿಯುವ ರೂಢಿ ಎಲ್ಲ ಕಡೆ ಇದೆ. ಒಂದು ಹಿಡಿ ಹಾಕಿದರೆ ಹಾಕಿ, ಚೀಲಗಟ್ಟಲೆ ಹಾಕಿದರೆ ಪಕ್ಕದ ಕಾಫಿ, ಮೆಣಸಿನ ಬಳ್ಳಿಯ ಬೇರಿಗೆ ಕೇಡು. ಸುಣ್ಣ ವಾಸನೆ ತಡೆಯುತ್ತದೆ ನಿಜ, ಕೊಳೆಯುವುದನ್ನೂ ತಡ ಮಾಡುತ್ತದೆ. ಆಳ ಸರಿಯಾಗಿದ್ದರೆ ಎರಡೂ ಬೇಕಿಲ್ಲ.

ಮುಖ್ಯ ಭಯ ಹಂದಿಯದು. ಹಂದಿಯ ಮೂತಿಗೆ ಎರಡಡಿ ಮಣ್ಣು ಲೆಕ್ಕಕ್ಕಿಲ್ಲ, ನರಿಯೂ ಕೆದಕುತ್ತದೆ. ಮುಕ್ಕಾಲು ಮಣ್ಣು ತುಂಬಿದ ಮೇಲೆ ಚಪ್ಪಟೆ ಕಲ್ಲುಗಳನ್ನು ಒತ್ತೊತ್ತಾಗಿ ಹಾಸಿ, ಅದರ ಮೇಲೆ ಉಳಿದ ಮಣ್ಣು, ಕೊನೆಗೆ ಒಂದಷ್ಟು ಮುಳ್ಳು. ನೆಲದಿಂದ ಒಂದಡಿ ಎತ್ತರ ಗುಡ್ಡೆ ಮಾಡಿ, ಒಂದೇ ಮಳೆಗಾಲಕ್ಕೆ ಅದು ಇಳಿದು ಸಮನಾಗುತ್ತದೆ. ನೋವು ತಾಳಲಾರದ ನಾಯಿಗೆ ವೈದ್ಯರಿಂದ ಇಂಜೆಕ್ಷನ್ ಕೊಡಿಸಿ ಕಳಿಸಿದ್ದಾದರೆ ಆ ಔಷಧ ದೇಹದಲ್ಲೇ ಉಳಿದಿರುತ್ತದೆ. ಕೆದಕಿ ತಿಂದ ನರಿಯೋ ಬೀದಿನಾಯಿಯೋ ಸಾಯಬಹುದು. ಅಂಥಲ್ಲಿ ಆಳದ ವಿಷಯದಲ್ಲಿ ರಾಜಿ ಬೇಡವೇ ಬೇಡ.

ಗುಂಡಿ ತೆಗೆದವರ ಹಾಜರಿ ಹಾಕಿ. ಸಾಹುಕಾರರ ನಾಯಿ ಅಂತ ಅವರು ಏನೂ ಕೇಳುವುದಿಲ್ಲ, ಆದರೆ ಮಳೆಯಲ್ಲಿ ನಾಲ್ಕಡಿ ಅಗೆಯುವುದು ಕೆಲಸವೇ. ಇದಕ್ಕಿಂತ ದೊಡ್ಡ ಮಾತೊಂದಿದೆ: ಲೈನಿನಲ್ಲಿರುವವರಿಗೆ ಸ್ವಂತ ನೆಲವಿಲ್ಲ. ಅವರು ಸಾಕಿದ ಕೆಂಚನೋ ರಾಜುವೋ ಸತ್ತರೆ ಹೂಳಲು ಯಾರನ್ನಾದರೂ ಕೇಳಬೇಕು. ಕೇಳಲು ಸಂಕೋಚಪಟ್ಟು ರಾತ್ರಿ ಹೊತ್ತು ಹಳ್ಳದ ಬದಿಗೆ ಒಯ್ದದ್ದೂ ಇರುತ್ತದೆ. ತೋಟದ ಒಂದು ಮೂಲೆಯನ್ನು ಇದಕ್ಕೆಂದೇ ಇಟ್ಟು, "ಯಾರ ನಾಯಿಯಾದ್ರೂ ಇಲ್ಲೇ ಮಣ್ಣು ಮಾಡಿ, ನನ್ನ ಕೇಳೋದೇನೂ ಬೇಡ" ಎಂದು ರೈಟರ ಮೂಲಕ ಹೇಳಿಸಿಬಿಟ್ಟರೆ ಖರ್ಚಿಲ್ಲದ ಉಪಕಾರ.

ಚಿಕ್ಕಮಗಳೂರಿನ ಬಡಾವಣೆಗಳಲ್ಲಿ, ಮೂಡಿಗೆರೆ ಪೇಟೆಯಲ್ಲಿ ಇರುವವರಿಗೆ ಕಷ್ಟ ಬೇರೆ. ಹಿತ್ತಲಿಲ್ಲ, ಅಂಗಳಕ್ಕೆ ಸಿಮೆಂಟು. ತೋಟವಿರುವ ನೆಂಟರನ್ನು ಕೇಳಿ, ಇಲ್ಲವಾದರೆ ನಗರಸಭೆಗೋ ಪಟ್ಟಣ ಪಂಚಾಯಿತಿಗೋ ಫೋನು ಮಾಡಿ. ಘಾಟಿಯ ತಿರುವಿನಲ್ಲಿ ಕಾರು ನಿಲ್ಲಿಸಿ ಚೀಲ ಎಸೆಯುವುದು ಬೇಡ. ಬೆಂಗಳೂರಿನಲ್ಲಿ ನೆಲೆಸಿದವರಿಗೆ ಕೆಂಗೇರಿ ಬಳಿಯ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ಆವರಣದಲ್ಲಿ ಸಾಕುಪ್ರಾಣಿಗಳ ಸ್ಮಶಾನವೇ ಇದೆ.

ಹುಚ್ಚಿನ ಅನುಮಾನವಿದ್ದರೆ

ಸ್ವಭಾವ ಇದ್ದಕ್ಕಿದ್ದಂತೆ ಬದಲಾಗಿ, ಜೊಲ್ಲು ಸುರಿದು, ದವಡೆ ಜೋತು, ನೀರು ನುಂಗಲಾಗದೆ ಕೆಲವೇ ದಿನದಲ್ಲಿ ಸತ್ತಿದ್ದರೆ ಮೇಲೆ ಹೇಳಿದ ಸವರುವುದು, ಮಲಗಿಸುವುದು ಯಾವುದೂ ಬೇಡ. ಬರಿಗೈಯಲ್ಲಿ ಮುಟ್ಟಬೇಡಿ, ಪಶು ಆಸ್ಪತ್ರೆಗೆ ತಿಳಿಸಿ. ಸತ್ತ ಮೇಲೂ ಮೆದುಳಿನ ಪರೀಕ್ಷೆಯಿಂದ ರೇಬೀಸ್ ಹೌದೋ ಅಲ್ಲವೋ ಗೊತ್ತಾಗುತ್ತದೆ. ಅದರಿಂದ ಕಚ್ಚಿಸಿಕೊಂಡವರು, ಪರಚಿಸಿಕೊಂಡವರು, ಗಾಯದ ಮೇಲೆ ನೆಕ್ಕಿಸಿಕೊಂಡವರು ಯಾರು ಯಾರೆಂದು ನೆನಪು ಮಾಡಿ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಿಸಬೇಕು. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲ. ಇಂಗ್ಲೆಂಡಿನ ಕವಿ ಬೈರನ್ ತನ್ನ ನಾಯಿ ಬೋಟ್ಸ್‌ವೇನ್‌ಗೆ ನ್ಯೂಸ್ಟೆಡ್ ಆ್ಯಬಿಯಲ್ಲಿ ಕಟ್ಟಿಸಿದ ದೊಡ್ಡ ಗೋರಿಯ ಕತೆಯನ್ನು ನಾಯಿ ಪ್ರೀತಿಯ ಬಗ್ಗೆ ಬರೆಯುವವರೆಲ್ಲ ಹೇಳುತ್ತಾರೆ. 1808ರಲ್ಲಿ ಆ ನಾಯಿ ಸತ್ತದ್ದು ರೇಬೀಸ್‌ನಿಂದ ಎಂಬುದನ್ನು ಮಾತ್ರ ಬಿಟ್ಟುಬಿಡುತ್ತಾರೆ. ಆಗ ಲಸಿಕೆ ಇರಲಿಲ್ಲ, ಈಗ ಇದೆ.

ದೇಹವೇ ಸಿಗದಿದ್ದರೆ

ಪಟ್ಟಣದವರಿಗೆ ಬಾರದ, ನಮಗೆ ಆಗಾಗ ಬರುವ ಕಷ್ಟ ಇದು. ರಾತ್ರಿ ಒಂದು ಸಲ ಬೊಗಳಿದ್ದು ಕೇಳಿಸುತ್ತದೆ, ಬೆಳಿಗ್ಗೆ ಜಗುಲಿ ಖಾಲಿ. "ಹುಲಿ ಹೊತ್ಕೊಂಡು ಹೋಯ್ತು" ಎಂದು ಲೈನಿನವರು ಹೇಳುತ್ತಾರೆ. ಹೆಚ್ಚಿನ ಸಲ ಅದು ಚಿರತೆ. ಕತ್ತಲಲ್ಲಿ ಟಾರ್ಚು ಹಿಡಿದು ಹುಡುಕಲು ಹೋಗಬೇಡಿ. ಬೆಳಕಾದ ಮೇಲೆ ಇಬ್ಬರು ಮೂವರು ಸೇರಿ ಹೋಗಿ. ಉಳಿದ ನಾಯಿಗಳನ್ನು ಅಂದಿನಿಂದ ರಾತ್ರಿ ಒಳಗೆ ಕೂಡಿ. ಹೊರಗೆ ಚೈನಿನಲ್ಲಿ ಕಟ್ಟಿದ ನಾಯಿಗೆ ಓಡಲೂ ದಾರಿಯಿಲ್ಲ.

ಚಿರತೆಯೇ ಎಂದು ತೀರ್ಮಾನಿಸುವ ಮೊದಲು ಬೇಲಿಯ ಸಾಲನ್ನೊಮ್ಮೆ ನೋಡಿಬನ್ನಿ. ಹಂದಿಗೆಂದು ಬೈಕಿನ ಕ್ಲಚ್ ವೈರಿನಲ್ಲಿ ಕಟ್ಟಿದ ಉರುಳಿಗೆ ಸಿಕ್ಕ ನಾಯಿ ಎರಡು ದಿನವಾದರೂ ಜೀವಂತ ಇರಬಹುದು. ಸಿಡಿಮದ್ದು ಕಚ್ಚಿ ಬಾಯಿ ಛಿದ್ರವಾದ ನಾಯಿ ಮನೆಗೆ ಬರಲಾರದೆ ಕಾಫಿ ಗಿಡದ ಬುಡದಲ್ಲಿ ಮಲಗಿರಬಹುದು. ಉರುಳು ಕಂಡರೆ ಮೊಬೈಲಿನಲ್ಲಿ ಫೋಟೊ ತೆಗೆದು ಅರಣ್ಯ ಇಲಾಖೆಗೆ ತಿಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಪಕ್ಕದ ತೋಟದವರ ಜೊತೆ ಮನಸ್ತಾಪ ಬೇಡವೆಂದು ಸುಮ್ಮನಾಗುವುದೇ ಹೆಚ್ಚು, ಗೊತ್ತು. ಇವತ್ತು ನಿಮ್ಮ ನಾಯಿ, ನಾಳೆ ಅದೇ ವೈರಿಗೆ ಯಾವುದೋ ಕಾಡುಪ್ರಾಣಿ.

ಏನೂ ಸಿಗದೆ ಹೋದರೆ ಮನೆಯವರ ಮನಸ್ಸು ಗೇಟಿನ ಕಡೆಗೇ ಇರುತ್ತದೆ, ಮಕ್ಕಳದ್ದಂತೂ ತಿಂಗಳುಗಟ್ಟಲೆ. ಒಂದು ವಾರ ಹುಡುಕಿ, ಅಕ್ಕಪಕ್ಕದ ತೋಟಗಳಿಗೆ ಹೇಳಿ ಕಳಿಸಿ, ಆಮೇಲೆ ಎಲ್ಲರೂ ಕೂತು ಒಂದು ದಿನ ಗೊತ್ತು ಮಾಡಿ. ಅದರ ಚೈನು, ತಟ್ಟೆ, ಹಾಸಿಕೊಳ್ಳುತ್ತಿದ್ದ ಗೋಣಿಚೀಲವನ್ನು ಅಂದು ಮಣ್ಣಿಗೆ ಹಾಕಿ. ಕಾಯುವುದಕ್ಕೆ ಕೊನೆಯೊಂದು ಬೇಕಲ್ಲ.

ಮಕ್ಕಳು, ಮುದುಕರು

ಚಿಕ್ಕ ಮಕ್ಕಳಿಗೆ "ನಿದ್ದೆ ಮಾಡ್ತಿದೆ", "ಊರಿಗೆ ಹೋಗಿದೆ" ಎನ್ನಬೇಡಿ. ನಿದ್ದೆಯೆಂದರೆ ರಾತ್ರಿ ಮಲಗಲು ಹೆದರುತ್ತಾರೆ, ಊರೆಂದರೆ ಯಾವಾಗ ಬರುತ್ತದೆಂದು ಕೇಳುತ್ತಲೇ ಇರುತ್ತಾರೆ. ಸತ್ತುಹೋಯಿತು, ಇನ್ನು ಎದ್ದು ಬರುವುದಿಲ್ಲ, ಅದಕ್ಕೆ ಈಗ ನೋವಿಲ್ಲ, ಇಷ್ಟು ಸಾಕು. ನೋಡಬೇಕೆಂದರೆ ನೋಡಲಿ, ಒಂದು ಹಿಡಿ ಮಣ್ಣು ಹಾಕಬೇಕೆಂದರೆ ಹಾಕಲಿ. ಬೇಡವೆಂದರೆ ಬಲವಂತವಿಲ್ಲ.

ಮುದುಕರ ದುಃಖ ಕಾಣಿಸುವುದಿಲ್ಲ. ಮಕ್ಕಳೆಲ್ಲ ಹೊರಗೆ, ಅಪ್ಪ ಅಮ್ಮ ಇಬ್ಬರೇ ತೋಟದಲ್ಲಿ, ಇಂಥ ಮನೆಗಳೇ ಈಗ ಹೆಚ್ಚು. ಅಲ್ಲಿ ನಾಯಿಯೆಂದರೆ ದಿನಕ್ಕೊಂದು ಆಕಾರ ಕೊಡುತ್ತಿದ್ದ ಜೀವ. ಅದಕ್ಕೆ ಅನ್ನ ಹಾಕಬೇಕೆಂದೇ ಅಮ್ಮ ಎರಡು ಹೊತ್ತು ಒಲೆ ಹಚ್ಚುತ್ತಿದ್ದರು, ಅದನ್ನು ತಿರುಗಾಡಿಸಬೇಕೆಂದೇ ಅಪ್ಪ ಸಂಜೆ ಗೇಟಿನವರೆಗೆ ನಡೆಯುತ್ತಿದ್ದರು. ಫೋನಿನಲ್ಲಿ "ಬೇಜಾರ್ ಮಾಡ್ಕೋಬೇಡಿ ಅಪ್ಪ, ಲ್ಯಾಬ್ರಡಾರ್ ಮರಿ ಕಳಿಸ್ತೀನಿ" ಅನ್ನುವ ಮಗನಿಗೆ ನನ್ನದೊಂದು ಕೋರಿಕೆ: ಆ ಮಾತು ಸದ್ಯಕ್ಕೆ ಬೇಡ. "ಕೊನೇ ದಿನ ಏನ್ ಮಾಡ್ತಿದ್ದ ಅಪ್ಪ, ಊಟ ಮಾಡಿದ್ನಾ?" ಎಂದು ಕೇಳಿ, ಆಮೇಲೆ ಸುಮ್ಮನೆ ಕೇಳಿಸಿಕೊಳ್ಳಿ. ಸಂಜೆಯ ನಡಿಗೆ ನಿಲ್ಲದಂತೆ ನೋಡಿಕೊಳ್ಳಿ, ಆ ಹೊತ್ತಿಗೇ ಫೋನು ಮಾಡಿದರೆ ಅವರು ಮಾತಾಡುತ್ತಾ ನಡೆಯುತ್ತಾರೆ.

ಗಂಡಸರು ನಾಯಿಗಾಗಿ ಅಳುವುದಕ್ಕೆ ನಮ್ಮಲ್ಲಿ ಇನ್ನೂ ನಾಚಿಕೆ. 2022ರ ಜೂನ್‌ನಲ್ಲಿ ಕಿರಣ್‌ರಾಜ್ ಕೆ. ನಿರ್ದೇಶನದ '777 ಚಾರ್ಲಿ' ನೋಡಿ, ತೀರಿಕೊಂಡ ತಮ್ಮ ಮನೆಯ ನಾಯಿಯನ್ನು ನೆನೆದು ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಎಲ್ಲರೆದುರೇ ಕಣ್ಣೀರು ಹಾಕಿದರು. ರಾಜಕೀಯವಾಗಿ ಅವರ ಬಗ್ಗೆ ಏನೇ ಹೇಳಿ, ಆ ದಿನ ಎಷ್ಟೋ ಸಾಹುಕಾರರಿಗೆ ಒಂದು ಪರವಾನಗಿ ಸಿಕ್ಕಿತು.

ಎಡೆ ಇಡಬಹುದೇ, ಸೂತಕ ಇದೆಯೇ ಎಂದು ಕೇಳುವವರಿದ್ದಾರೆ. ಧರ್ಮರಾಯ ನಾಯಿಯನ್ನು ಬಿಟ್ಟು ಸ್ವರ್ಗದ ರಥ ಹತ್ತಲು ಒಪ್ಪದ ಕತೆ ಗೊತ್ತಿರುವ ದೇಶದಲ್ಲಿ ಹಿರಿಯರ ಎಡೆಯ ಪಕ್ಕ ಒಂದು ಬಾಳೆಲೆ ತುಂಡಿನಲ್ಲಿ ನಾಯಿಗೂ ಬಡಿಸಿದರೆ ಯಾವ ದೇವರೂ ಮುನಿಯಲಾರ. ಮನೆಯ ಪದ್ಧತಿ ಬಿಟ್ಟುಕೊಡದಿದ್ದರೆ ಲೈನಿನ ನಾಯಿಗಳನ್ನೆಲ್ಲ ಕರೆದು ಒಂದು ಹೊತ್ತು ಬಾಡೂಟ ಹಾಕಿ.

ಕಲ್ಲು, ಗಿಡ, ಬೆಲ್ಟು

ನಾಯಿಗೆ ಕಲ್ಲು ನೆಡುವುದು ಈಗಿನವರ ಷೋಕಿ ಅಂದುಕೊಂಡವರು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ ಆತಕೂರಿನ ಶಾಸನ ನೋಡಬೇಕು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿದ್ದ ಕಲ್ಲದು, 10ನೆಯ ಶತಮಾನದ್ದು, ಶಕ ವರ್ಷ 872. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗ ಬೂತುಗ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಕಾಲ. ಆ ಯುದ್ಧದಲ್ಲಿ ಮೆಚ್ಚುಗೆ ಪಡೆದ ಮಣಲೆರನಿಗೆ ಏನು ಬೇಕು ಕೇಳು ಅಂದರೆ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಮುಂದೆ ಬೇಟೆಯಲ್ಲಿ ಕಾಳಿ ದೊಡ್ಡದೊಂದು ಹಂದಿಯ ಮೇಲೆ ಬಿತ್ತು, ಎರಡೂ ಸತ್ತವು. ಕಲ್ಲಿನಲ್ಲಿ ನಾಯಿಯೂ ಹಂದಿಯೂ ಸೆಣಸುವ ಚಿತ್ರವಿದೆ. ಹಂದಿಗೆ ನಾಯಿ ಬಿಟ್ಟು ಅಭ್ಯಾಸವಿರುವ ನಮ್ಮ ಕಡೆಯವರು ಆ ಚಿತ್ರದ ಮುಂದೆ ಸ್ವಲ್ಪ ಹೆಚ್ಚು ಹೊತ್ತೇ ನಿಲ್ಲುತ್ತಾರೆ.

ಆ ಶಾಸನದಲ್ಲಿ ಇನ್ನೊಂದು ಜಾಣತನವಿದೆ. ಕಲ್ಲು ನಿಲ್ಲಿಸಿ ಸುಮ್ಮನಾಗಲಿಲ್ಲ, ಅದರ ಪೂಜೆಗೆ ಭೂಮಿ ಬಿಟ್ಟರು. ಪೂಜೆ ಮಾಡದೆ ಉಂಡರೆ ಪಾಪ ಬರುತ್ತದೆಂದು ಅಲ್ಲಿನ ಗೊರವನಿಗೆ ಕಟ್ಟಳೆಯನ್ನೂ ಬರೆಸಿದರು. ಎಂದರೆ ನೋಡಿಕೊಳ್ಳುವವರು ಯಾರೆಂದು ಮೊದಲೇ ಗೊತ್ತು ಮಾಡಿದರು. ನಾವು ಸೋಲುವುದು ಇಲ್ಲೇ. ಗ್ರಾನೈಟಿಗೆ ಸಾವಿರಾರು ರೂಪಾಯಿ ಸುರಿದು ಎರಡನೇ ಮಳೆಗಾಲಕ್ಕೆ ಕಳೆಯೊಳಗೆ ಕಲ್ಲು ಎಲ್ಲಿದೆಯೆಂದು ಹುಡುಕುತ್ತೇವೆ. ಕಲ್ಲು ಇಡುವುದಾದರೆ ಸಣ್ಣದಿಡಿ, ಅಕ್ಷರವನ್ನು ಕೆತ್ತಿಸಿ. ಬಣ್ಣದಲ್ಲಿ ಬರೆಸಿದ್ದು ಕೊಟ್ಟಿಗೆಹಾರದ ಮಳೆಗೆ, ಹಾವಸೆಗೆ ಉಳಿಯುವುದಿಲ್ಲ. ಕಳೆ ಹೊಡೆಸುವಾಗ ಅಲ್ಲಿಯೂ ಒಮ್ಮೆ ಸವರಬೇಕೆಂದು ರೈಟರಿಗೆ ಹೇಳಿಡಿ.

ಗಿಡ ನೆಡುವವರು ಗುಂಡಿಯ ಮೇಲೆಯೇ ನೆಡದೆ ಎರಡಡಿ ಪಕ್ಕಕ್ಕೆ ನೆಡಿ. ಮಣ್ಣು ಕುಸಿಯುವಾಗ ಗಿಡ ವಾಲುತ್ತದೆ, ಹಸಿ ಕೊಳೆತಕ್ಕೆ ಎಳೆ ಬೇರು ತಡೆಯುವುದಿಲ್ಲ. ಜೂನ್‌ನ ಮೊದಲ ಮಳೆಗೆ ನೆಡುವುದು ಸರಿ. ಅರೇಬಿಕಾ ಗಿಡವನ್ನೇ ನೆಡಬೇಕೆಂಬ ಆಸೆ ತೋಟದವರಿಗೆ ಬರುತ್ತದೆ. ಬಿಳಿ ಕಾಂಡಕೊರಕ ಹಿಡಿದು ಆ ಗಿಡವನ್ನೂ ಕಿತ್ತು ಸುಡಬೇಕಾದರೆ ಎರಡನೇ ಸಲ ಸಂಕಟ. ಸಿಲ್ವರ್ ಓಕ್ ಮುಂದೊಂದು ದಿನ ಲಾರಿ ಹತ್ತುವ ಮರ. ಸಂಪಿಗೆ, ಸುರಗಿ, ಪಾರಿಜಾತ, ಕೇಪಳ ಇಂಥವನ್ನು ಯಾರೂ ಕಡಿಯುವುದಿಲ್ಲ.

ಚರ್ಮದ ಬೆಲ್ಟು ಇಟ್ಟುಕೊಳ್ಳುವವರಿಗೆ ಬೂಷ್ಟೇ ಶತ್ರು. ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಪೂರ್ತಿ ಒಣಗಿಸಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಔಷಧದ ಬಾಟಲಿಗಳಲ್ಲಿ ಬರುವ ಸಿಲಿಕಾ ಪುಡಿಯ ಪೊಟ್ಟಣಗಳ ಜೊತೆ ಇಡಿ. ಕೊಬ್ಬರಿ ಎಣ್ಣೆ ಹಚ್ಚಬೇಡಿ, ಆಷಾಢದಲ್ಲಿ ಹಸಿರಾಗುತ್ತದೆ. ಹಳೆಯ ಮನೆಯಾದರೆ ಬಚ್ಚಲೊಲೆಯ ಮೇಲಿನ ಅಟ್ಟವೇ ಎಲ್ಲಕ್ಕಿಂತ ಒಳ್ಳೆಯದು, ಹೊಗೆಯ ವಾಸನೆಗೆ ತಯಾರಿದ್ದರೆ. ಫೋಟೊ ಪ್ರಿಂಟನ್ನು ಗಾಜಿಗೆ ನೇರ ತಾಗುವಂತೆ ಫ್ರೇಮು ಹಾಕಿಸಿದರೆ ಥಂಡಿಗೆ ಅಂಟಿಕೊಳ್ಳುತ್ತದೆ. ನಡುವೆ ರಟ್ಟಿನ ಅಂಚು ಇರಲಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ ಕುಗ್ಗಿರುತ್ತದೆ, ತೆಗೆದವರ ಫೋನಿನಿಂದ ಮೂಲ ಫೈಲನ್ನೇ ತರಿಸಿ.

ಬರೆದಿಡುವುದು

ಕನ್ನಡ ಓದುವವರಿಗೆಲ್ಲ ಗೊತ್ತಿರುವ ಒಂದು ನಾಯಿ ಇದೇ ಮೂಡಿಗೆರೆಯದು. ಪೂರ್ಣಚಂದ್ರ ತೇಜಸ್ವಿಯವರ ಕಿವಿ. 1980ರ 'ಕರ್ವಾಲೊ'ದಲ್ಲಿ ಹಾರುವ ಓತಿಯ ಹುಡುಕಾಟದ ತಂಡದ ಜೊತೆ ಕಿವಿಯೂ ಇದ್ದಾನೆ, 1991ರ 'ಪರಿಸರದ ಕತೆ'ಯಲ್ಲೂ ಇದ್ದಾನೆ. ತೇಜಸ್ವಿ ಅವನನ್ನು ಹೊಗಳುವುದಿಲ್ಲ, ನಿಯತ್ತಿನ ಮಾತೆತ್ತುವುದಿಲ್ಲ. ಕಿವಿ ತನ್ನ ಪಾಡಿಗೆ ತನ್ನ ಕೆಲಸ ಮಾಡಿಕೊಂಡಿರುತ್ತಾನೆ, ಅಧಿಕಪ್ರಸಂಗವನ್ನೂ ಸೇರಿಸಿ. ತೇಜಸ್ವಿಯವರು 2007ರ ಏಪ್ರಿಲ್‌ನಲ್ಲಿ ಹೋಗಿ ಇಷ್ಟು ವರ್ಷವಾದರೂ ಕಿವಿಯನ್ನು ಕಣ್ಣಾರೆ ನೋಡದವರು ಅವನ ಬಗ್ಗೆ ಪರಿಚಯದ ನಾಯಿಯಂತೆ ಮಾತಾಡುತ್ತಾರೆ.

ಎಲ್ಲರೂ ತೇಜಸ್ವಿಯಾಗಬೇಕಿಲ್ಲ, ಒಂದು ನೋಟ್‌ಬುಕ್ ಸಾಕು. ಮೊದಲ ತಿಂಗಳಲ್ಲೇ ಶುರು ಮಾಡಿ, ಸಣ್ಣ ವಿವರಗಳೇ ಮೊದಲು ಮರೆತುಹೋಗುವುದು. "ತುಂಬಾ ಪ್ರೀತಿಯ ನಾಯಿ" ಎಂದು ಬರೆದರೆ ಅದು ಯಾವ ನಾಯಿಗೂ ಹೊಂದುತ್ತದೆ. ಒಂದು ಪುಟ ಹೀಗಿರಬಹುದು:

"ಹಾಲಿನವನ ಬೈಕು ಮೋರಿ ದಾಟಿದ ಸದ್ದಿಗೇ ಏಳುತ್ತಿದ್ದ, ಬೇರೆ ಬೈಕಿಗೆ ಏಳುತ್ತಿರಲಿಲ್ಲ. ಏಳೂವರೆಗೆ ಹಾಜರಿ ಕರೆಯುವಲ್ಲಿ ಹಾಜರು. ಮೂರನೇ ಲೈನಿನ ಮನೆಯಲ್ಲಿ ಅಕ್ಕಿರೊಟ್ಟಿ ಆಗುತ್ತಿತ್ತು, ಇದು ನಮಗೆ ಗೊತ್ತಾದದ್ದು ಅವನು ಸತ್ತ ಮೇಲೆ. ಪಲ್ಪರ್ ಶುರುವಾದರೆ ಬಚ್ಚಲೊಲೆಯ ಹಿಂದೆ. ಹಂದಿ ಓಡಿಸುವ ಪಟಾಕಿಗೆ ಹೆದರುತ್ತಿದ್ದ, ಹಂದಿಗೆ ಹೆದರುತ್ತಿರಲಿಲ್ಲ. ಬಾಳೆಹಣ್ಣು ಸಿಪ್ಪೆ ಸಮೇತ ತಿನ್ನುತ್ತಿದ್ದ. ಚಿಕ್ಕಪ್ಪ ಬಂದರೆ ಮಾತ್ರ ಬಾಲ ಅಲ್ಲಾಡಿಸದೆ ನೋಡುತ್ತಾ ಕೂರುತ್ತಿದ್ದ."

ನೋಟ್‌ಬುಕ್ ಹಿಡಿದು ಲೈನಿಗೆ ಹೋಗಿ ಕೇಳಿ. ರೈಟರನ್ನು, ಹಾಲಿನವನನ್ನು, ಶಾಲೆಯ ಆಟೊದವನನ್ನು ಕೇಳಿ. ಕಾಫಿ ಕುಯ್ಲಿಗೆ ಅಸ್ಸಾಮಿನಿಂದ ಬಂದು ಹೋದವರು ಅದಕ್ಕೆ ಬೇರೆಯೇ ಹೆಸರಿಟ್ಟು ಕರೆದಿರಬಹುದು, ಅದಕ್ಕೆ ಅದು ಓಗೊಟ್ಟೂ ಇರಬಹುದು. ಬರೆಯಲು ಬಾರದವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮಕ್ಕಳ ಕೈಯಲ್ಲಿ ಒಂದು ನಕಾಶೆ ಬರೆಸಿ: ಅದು ಓಡಾಡುತ್ತಿದ್ದ ದಾರಿ, ಬೇಲಿಯಲ್ಲಿ ನುಸುಳುತ್ತಿದ್ದ ಕಂಡಿ, ಬಿಸಿಲು ಕಾಯಿಸುತ್ತಿದ್ದ ಕಣದ ಮೂಲೆ, ಯಾರ ಚಪ್ಪಲಿಯನ್ನು ಎಲ್ಲಿ ಬಚ್ಚಿಟ್ಟಿತ್ತು. ಅದು ಮಾಡಿದ ಹಾನಿಗಳನ್ನೂ ಬರೆಯಿರಿ. ಕೋಳಿ ಹಿಡಿದದ್ದು, ಅಂಚೆಯವರನ್ನು ಕಚ್ಚಿದ್ದು. ಆನೆಯನ್ನು ಬೊಗಳಿ ಕೆಣಕಿ, ಅಟ್ಟಿಸಿಕೊಂಡು ನೇರ ಯಜಮಾನರ ಹಿಂದಕ್ಕೇ ಓಡಿಬಂದ ನಾಯಿಗಳ ಕತೆಗಳು ಈ ಭಾಗದಲ್ಲಿ ಬೇಕಾದಷ್ಟಿವೆ. ಕೊನೆಯ ಕಾಯಿಲೆಯ ದಿನಗಳನ್ನು ಒಂದೆರಡು ಸಾಲಿಗೆ ಮುಗಿಸಿ. ಹನ್ನೆರಡು ವರ್ಷ ಬದುಕಿದ ನಾಯಿಯನ್ನು ಕೊನೆಯ ಹತ್ತು ದಿನದ ಲೆಕ್ಕದಲ್ಲಿ ನೆನೆಯುವುದು ಅದಕ್ಕೆ ಮಾಡುವ ಅನ್ಯಾಯ.

ಹೊಸ ಮರಿ

ಯಾವಾಗ ತರಬೇಕು ಎಂಬುದಕ್ಕೆ ಲೆಕ್ಕವಿಲ್ಲ. ಒಂಟಿ ಮನೆಗೆ ರಾತ್ರಿ ಬೊಗಳುವ ನಾಯಿ ಬೇಕೇ ಬೇಕು, ವಾರದಲ್ಲೇ ತಂದರೆ ಹಳೆಯದರ ಮೇಲೆ ಪ್ರೀತಿ ಇರಲಿಲ್ಲವೆಂದೇನೂ ಅಲ್ಲ. ಒಂದೇ ಒಂದು ಸಂದರ್ಭದಲ್ಲಿ ತಡೆಯಬೇಕು: ಹಳೆಯ ನಾಯಿ ಪಾರ್ವೊ ಬಂದು ರಕ್ತಭೇದಿಯಿಂದ ಸತ್ತಿದ್ದರೆ. ಆ ವೈರಾಣು ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷವೂ ಬದುಕಿರುತ್ತದೆ. ಗೂಡು, ತಟ್ಟೆ, ಸಿಮೆಂಟು ನೆಲವನ್ನು ಬ್ಲೀಚಿಂಗ್ ನೀರಿನಲ್ಲಿ ತೊಳೆದರೂ ಮಣ್ಣನ್ನು ತೊಳೆಯಲಾಗುವುದಿಲ್ಲ. ಲಸಿಕೆಗಳೆಲ್ಲ ಮುಗಿದ, ಸ್ವಲ್ಪ ಬೆಳೆದ ನಾಯಿಯನ್ನೇ ತನ್ನಿ. ಹಳೆಯ ನಾಯಿಯ ಹೆಸರನ್ನು ಹೊಸದಕ್ಕೆ ಇಡುವ ರೂಢಿ ಇಲ್ಲಿ ಬಹಳ, ಒಂದೇ ಮನೆಯಲ್ಲಿ ಒಂದರ ಹಿಂದೊಂದು ಟೈಗರ್‌ಗಳು. ನನಗದು ಅಷ್ಟು ಹಿಡಿಸುವುದಿಲ್ಲ, ಮನೆಯವರಿಗೆ ಹಿಡಿಸಿದರೆ ನನ್ನದೇನೂ ತಕರಾರಿಲ್ಲ.

ಕಲ್ಲಿಗೆ ಖರ್ಚು ಮಾಡಬೇಕೆಂದಿದ್ದ ದುಡ್ಡು ಉಳಿದಿದ್ದರೆ ಲೈನಿನ ಎಲ್ಲ ನಾಯಿಗಳಿಗೂ ಸತ್ತ ನಾಯಿಯ ಹೆಸರಿನಲ್ಲಿ ರೇಬೀಸ್ ಲಸಿಕೆ ಹಾಕಿಸಿ. ಮೂರು ತಿಂಗಳು ದಾಟಿದ ಮರಿಗೆ ಮೊದಲ ಡೋಸು, ಆಮೇಲೆ ವರ್ಷಕ್ಕೊಮ್ಮೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಅದರ ಆಸುಪಾಸಿನಲ್ಲಿ ಪಶು ಆಸ್ಪತ್ರೆಗಳಲ್ಲಿ ಲಸಿಕೆಯ ಅಭಿಯಾನ ನಡೆಯುವುದುಂಟು, ಮೊದಲೇ ಹೋಗಿ ವೈದ್ಯರ ಹತ್ತಿರ ಮಾತಾಡಿದರೆ ತೋಟಕ್ಕೇ ಬರುವ ಏರ್ಪಾಡೂ ಆಗಬಹುದು. ಭಾನುವಾರ ಸಂತೆಗೆ ಹೋಗುವ ಹೊತ್ತು ತಪ್ಪಿಸಿ, ಕೆಲಸದ ದಿನ ಹಾಜರಿಗೆ ಸೇರುವ ಸಮಯಕ್ಕೆ ಇಟ್ಟುಕೊಂಡರೆ ಹಿಡಿದುಕೊಳ್ಳಲು ಯಜಮಾನರೂ ಸಿಗುತ್ತಾರೆ. ಲಸಿಕೆಯ ಚೀಟಿಯಲ್ಲಿ ನಾಯಿಯ ಹೆಸರು ಬರೆಯಬೇಕು. ಹೆಸರೇ ಇಲ್ಲದ ನಾಲ್ಕಾರು ನಾಯಿಗಳು ಆವತ್ತು ಇದ್ದೇ ಇರುತ್ತವೆ, ಅವಕ್ಕೆ ಹೆಸರಿಡುವ ಕೆಲಸ ಮಕ್ಕಳಿಗೆ ಬಿಡಿ.